ಘಾಟಿಯ ಊರಲ್ಲಿ ಹಳೇ ಸ್ಟುಡ್‌ಬೇಕರ್: ಎಲೆಕ್ಟ್ರಿಕ್ ಓವರ್‌ಡ್ರೈವ್ ವೈರಿಂಗ್ ಮಾಡುವುದು, ದೋಷ ಹುಡುಕುವುದು ಹೇಗೆ?

ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ಹೊರಟರೆ ರಸ್ತೆ ಸಮತಟ್ಟಾಗುತ್ತದೆ. ಮೂರನೇ ಗೇರ್, ವೇಗ ಗಂಟೆಗೆ 45 ಕಿ.ಮೀ. ದಾಟಿದೆ. ಆಕ್ಸಿಲರೇಟರ್‌ನಿಂದ ಒಂದು ಕ್ಷಣ ಕಾಲು ತೆಗೆಯಿರಿ. ಸೀಟಿನ ಕೆಳಗೆ ಎಲ್ಲೋ ಮೆಲ್ಲಗೆ "ಠಕ್" ಅನ್ನುತ್ತದೆ. ಮತ್ತೆ ಕಾಲಿಟ್ಟಾಗ ಎಂಜಿನ್ ಸದ್ದು ತಗ್ಗಿರುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಎಪ್ಪತ್ತು ವರ್ಷ ದಾಟಿದ ಪಿಕಪ್ ಹೀಗೆ ನಿರಾಳವಾಗಿ ಉಸಿರಾಡುವುದನ್ನು ಕೇಳಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ನಮ್ಮದು ಸ್ಟುಡ್‌ಬೇಕರ್ 2ಆರ್5, ಅರ್ಧ ಟನ್ನಿನ ಪಿಕಪ್. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ಕಂಪನಿ ಇದನ್ನು 1949ರಿಂದ 1953ರ ಮಾದರಿಯವರೆಗೆ ಮಾರಿತು. ರೂಪ ಕೊಟ್ಟವರು ರಾಬರ್ಟ್ ಬೋರ್ಕ್. ಮೂರು ಗೇರಿನ ಪೆಟ್ಟಿಗೆ, ಅದರ ಬೆನ್ನಿಗೆ ಬೋರ್ಗ್-ವಾರ್ನರ್ ಕಂಪನಿಯ ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್. ಇದೇ ಕುಟುಂಬದ ಓವರ್‌ಡ್ರೈವ್ ಆ ಕಾಲದ ಫೋರ್ಡ್ ಪಿಕಪ್‌ನಲ್ಲೂ ವಿಲ್ಲಿಸ್ ಸ್ಟೇಷನ್ ವ್ಯಾಗನ್‌ನಲ್ಲೂ ಬರುತ್ತಿತ್ತು. ವೈರಿಂಗ್ ತತ್ವ ಎಲ್ಲದರಲ್ಲೂ ಒಂದೇ. ಹಾಗಾಗಿ ನಿಮ್ಮ ಶೆಡ್ಡಿನಲ್ಲಿರುವ ಗಾಡಿ ಬೇರೆಯದಾದರೂ ಮುಂದೆ ಓದಿ.

ನಮ್ಮ ಗಾಡಿ ಮನೆಗೆ ಬಂದಾಗ ಓವರ್‌ಡ್ರೈವ್ ಕೆಲಸ ಮಾಡುತ್ತಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ನೋಡಿದವರು "ಒಳಗಿನ ಗೇರ್ ಹೋಗಿದೆ, ಪೆಟ್ಟಿಗೆ ಇಳಿಸಬೇಕು" ಅಂದರು. ಇಳಿಸಲಿಲ್ಲ. ಎರಡು ಭಾನುವಾರ ಕೂತು ಮೀಟರ್, ಬಲ್ಬ್ ಹಿಡಿದು ಹುಡುಕಿದೆ. ಗೇರ್ ಪೆಟ್ಟಿಗೆಯಿಂದ ಛಾಸಿಗೆ ಬರುವ ಅರ್ತ್ ಪಟ್ಟಿ ಕಿಲುಬು ಹಿಡಿದು ಹಸಿರಾಗಿತ್ತು. ಅಷ್ಟೇ. ಇಲ್ಲಿ ಹೇಳಬೇಕಾದ ಮುಖ್ಯ ಮಾತೂ ಅದೇ: ಪೆಟ್ಟಿಗೆ ಬಿಚ್ಚುವ ಮೊದಲು ತಂತಿ ನೋಡಿ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಕೊಡಗಿನಲ್ಲಂತೂ ಮೊದಲು ಅರ್ತ್ ನೋಡಿ.

ಇದು ಕೆಲಸ ಮಾಡುವ ಬಗೆ

ತಂತಿ ಮುಟ್ಟುವ ಮೊದಲು ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇದು ಅರ್ಥವಾದರೆ ಮುಂದಿನ ಅರ್ಧ ಕೆಲಸ ಮುಗಿದಂತೆ.

ಓವರ್‌ಡ್ರೈವ್ ಅಂದರೆ ಗೇರ್ ಪೆಟ್ಟಿಗೆಯ ಹಿಂದೆ ಕೂತಿರುವ ಒಂದು ಗ್ರಹ ಗೇರ್ ಸೆಟ್: ನಡುವೆ ಒಂದು ಗೇರ್, ಅದರ ಸುತ್ತ ಗ್ರಹಗಳಂತೆ ಸುತ್ತುವ ಚಿಕ್ಕ ಗೇರುಗಳು. ನಡುವಿನ ಸನ್ ಗೇರನ್ನು ತಿರುಗದಂತೆ ಹಿಡಿದರೆ, ಮೂರನೇ ಗೇರಿನಲ್ಲಿ ಚಕ್ರದ ಕಡೆ ಹೋಗುವ ಹೊರ ಶಾಫ್ಟ್ ಎಂಜಿನ್‌ಗಿಂತ ವೇಗವಾಗಿ ತಿರುಗುತ್ತದೆ. ಅನುಪಾತ ಸುಮಾರು 0.7. ಅಂದರೆ 3000 ಸುತ್ತಿನಲ್ಲಿ ಕಿರುಚುತ್ತಿದ್ದ ಎಂಜಿನ್ ಅದೇ ವೇಗಕ್ಕೆ ಸುಮಾರು 2100 ಸುತ್ತಿಗೆ ಇಳಿಯುತ್ತದೆ.

ಸನ್ ಗೇರನ್ನು ಹಿಡಿಯುವುದು ಪಾಲ್ ಎಂಬ ಉಕ್ಕಿನ ನಾಲಿಗೆ. ಅದನ್ನು ಒಳಗೆ ತಳ್ಳುವುದು ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಒಳಗಿನ ಕಡ್ಡಿಯನ್ನು ಎಳೆಯುವ ತಂತಿ ಸುರುಳಿ. ಸೊಲೆನಾಯ್ಡ್‌ಗೆ ಕರೆಂಟು ಕೊಡುವುದು ರಿಲೇ, ಅಂದರೆ ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್. ರಿಲೇಗೆ ಅಪ್ಪಣೆ ಕೊಡುವುದು ಗವರ್ನರ್. ಈ ಗವರ್ನರ್ ಹೊರ ಶಾಫ್ಟಿನಿಂದ ತಿರುಗುತ್ತದೆ. ವೇಗ ಗಂಟೆಗೆ ಸುಮಾರು 45 ಕಿ.ಮೀ. ಆದಾಗ ಅದರೊಳಗಿನ ತೂಕಗಳು ಹೊರಚಾಚಿ ಒಂದು ಸ್ವಿಚ್ಚನ್ನು ಮುಚ್ಚುತ್ತವೆ. ಸುಮಾರು 35 ಕಿ.ಮೀ.ಗೆ ಇಳಿದಾಗ ಬಿಡುತ್ತವೆ.

ಎಲ್ಲರೂ ಎಡವುವ ಜಾಗ ಇದು. ಗವರ್ನರ್ ಕರೆಂಟು ಕಳಿಸುವುದಿಲ್ಲ, ಅರ್ತ್ ಕೊಡುತ್ತದೆ. ಇಗ್ನಿಷನ್ ಸ್ವಿಚ್ಚಿನಿಂದ ಹೊರಟ ಕರೆಂಟು ರಿಲೇ ಕಾಯಿಲ್ ಹೊಕ್ಕು, ಆಕ್ಸಿಲರೇಟರ್ ಪೆಡಲ್ ಪೂರ್ತಿ ತುಳಿದಾಗ ಒತ್ತುವ ಕಿಕ್‌ಡೌನ್ ಸ್ವಿಚ್ ದಾಟಿ, ಗವರ್ನರ್‌ವರೆಗೆ ಬಂದು ಕಾದು ನಿಂತಿರುತ್ತದೆ. ಗವರ್ನರ್ ಮುಚ್ಚಿದಾಗ ಅದು ಗೇರ್ ಪೆಟ್ಟಿಗೆಯ ಮೈಗೆ ಸೇರುತ್ತದೆ. ಆಗ ರಿಲೇ ಎಳೆಯುತ್ತದೆ, ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ಕರೆಂಟು ಸೊಲೆನಾಯ್ಡ್‌ಗೆ ಹೋಗುತ್ತದೆ.

ಸೊಲೆನಾಯ್ಡ್ ಒಳಗೆ ಎರಡು ಕಾಯಿಲ್ ಇವೆ. ಎಳೆಯುವ ಕಾಯಿಲ್‌ಗೆ ಶಕ್ತಿ ಜಾಸ್ತಿ, 6 ವೋಲ್ಟಿನ ಗಾಡಿಯಲ್ಲಿ ಸುಮಾರು 18-20 ಆಂಪಿಯರ್ ಎಳೆಯುತ್ತದೆ. ಪ್ಲಂಜರ್ (ಸೊಲೆನಾಯ್ಡ್ ಒಳಗಿನ ಕಡ್ಡಿ) ಪೂರ್ತಿ ಒಳಗೆ ಹೋದ ತಕ್ಷಣ ಒಂದು ಕಾಂಟ್ಯಾಕ್ಟ್ ತೆರೆದುಕೊಂಡು ಈ ಕಾಯಿಲ್ ಬಂದ್ ಆಗುತ್ತದೆ. ಆಮೇಲೆ ಸುಮಾರು 1 ಆಂಪಿಯರ್‌ನ ಹಿಡಿಯುವ ಕಾಯಿಲ್ ಒಂದೇ ಸಾಕು. ಪ್ಲಂಜರ್ ಒಳಗೆ ಹೋದ ಕೂಡಲೇ ಪಾಲ್ ಸನ್ ಗೇರಿಗೆ ಕಚ್ಚುವುದಿಲ್ಲ. ಬಾಕ್ ರಿಂಗ್ ಎಂಬ ಬಳೆ ಅದನ್ನು ತಡೆದಿರುತ್ತದೆ. ಸ್ಪ್ರಿಂಗ್ ಒತ್ತಿಕೊಂಡು ಕಾಯುತ್ತದೆ. ನೀವು ಕಾಲು ತೆಗೆದಾಗ ಬಳೆ ಸ್ವಲ್ಪ ಸರಿಯುತ್ತದೆ, ಪಾಲ್ ಒಳಗೆ ಬೀಳುತ್ತದೆ. ಆ "ಠಕ್" ಅದೇ.

ಓವರ್‌ಟೇಕ್ ಮಾಡಬೇಕು, ಶಕ್ತಿ ಬೇಕು ಅಂದಾಗ ಪೆಡಲನ್ನು ನೆಲಕ್ಕೆ ಒತ್ತುತ್ತೀರಿ. ಕಿಕ್‌ಡೌನ್ ಸ್ವಿಚ್ ಆಗ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ರಿಲೇಯ ಅರ್ತ್ ಕತ್ತರಿಸುತ್ತದೆ, ಸೊಲೆನಾಯ್ಡ್ ಬಿಡುತ್ತದೆ. ಆದರೆ ಎಂಜಿನ್ ಜೋರು ಎಳೆಯುತ್ತಿರುವಾಗ ಪಾಲ್ ಹಲ್ಲಿನ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಸ್ವಿಚ್ಚಿನ ಇನ್ನೊಂದು ಜೋಡಿ ಇಗ್ನಿಷನ್ ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ತುದಿಯನ್ನು ಸೊಲೆನಾಯ್ಡ್‌ನ 6ನೇ ಟರ್ಮಿನಲ್ ಮೂಲಕ ಅರ್ತ್ ಮಾಡುತ್ತದೆ. ಕಿಡಿ ಒಂದು ಕ್ಷಣ ನಿಲ್ಲುತ್ತದೆ, ಒತ್ತಡ ಬಿಡುತ್ತದೆ, ಪಾಲ್ ಹೊರಗೆ ಹಾರುತ್ತದೆ. ಪಾಲ್ ಹೊರಬಂದೊಡನೆ 6ನೇ ಟರ್ಮಿನಲ್ಲಿನ ಅರ್ತ್ ತಾನೇ ಕಡಿದುಹೋಗಿ ಕಿಡಿ ಮರಳುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ. ಟ್ರಾನ್ಸಿಸ್ಟರ್ ಒಂದೂ ಇಲ್ಲದೆ ಇದನ್ನು ಯೋಚಿಸಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಹಿಡಿಕೆಯ ವಿಷಯ, ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಹಿಡಿಕೆ ಇದೆ. ಒಳಗೆ ತಳ್ಳಿದರೆ ಓವರ್‌ಡ್ರೈವ್ ಸಿದ್ಧ. ಹೊರಗೆ ಎಳೆದರೆ ಓವರ್‌ಡ್ರೈವ್ ಲಾಕ್, ಗಾಡಿ ಮಾಮೂಲಿ ಮೂರು ಗೇರಿನದಾಗುತ್ತದೆ.

ಹಿಡಿಕೆ ಒಳಗಿದ್ದು ಪಾಲ್ ಇನ್ನೂ ಬಿದ್ದಿಲ್ಲ ಅಂದರೆ ಗಾಡಿ ಫ್ರೀವೀಲ್‌ನಲ್ಲಿರುತ್ತದೆ. ಸೈಕಲ್ ಪೆಡಲ್ ನಿಲ್ಲಿಸಿದಂತೆ. ಕಾಲು ತೆಗೆದರೆ ಎಂಜಿನ್ ಬ್ರೇಕ್ ಸಿಗುವುದಿಲ್ಲ. ಈಗ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವುದನ್ನು ಯೋಚಿಸಿ. ತಿರುವಿನಲ್ಲಿ ವೇಗ 30ಕ್ಕೆ ಇಳಿಯುತ್ತದೆ, ಗವರ್ನರ್ ಬಿಡುತ್ತದೆ, ಗಾಡಿ ಫ್ರೀವೀಲ್ ಆಗುತ್ತದೆ. ಪೂರ್ತಿ ಭಾರ ನಾಲ್ಕು ಡ್ರಮ್ ಬ್ರೇಕಿನ ಮೇಲೆ. ಡ್ರಮ್ ಕಾದರೆ ಬ್ರೇಕ್ ಕಡಿಮೆಯಾಗುತ್ತದೆ. ಮಾಕುಟ್ಟದ ಇಳಿಜಾರಿನಲ್ಲೂ ಇದೇ ಕಥೆ. ಆದ್ದರಿಂದ ಘಾಟಿಯ ತಲೆಯಲ್ಲೇ ಗಾಡಿ ನಿಲ್ಲಿಸಿ ಹಿಡಿಕೆ ಹೊರಗೆ ಎಳೆಯಿರಿ. ಇಳಿದು ಮುಗಿದ ಮೇಲೆ ಒಳಗೆ ತಳ್ಳಿ. ನಮ್ಮ ಮನೆಯಲ್ಲಿ ಈ ಗಾಡಿ ಓಡಿಸುವ ಎಲ್ಲರಿಗೂ ಇದೊಂದು ಕಟ್ಟುನಿಟ್ಟು.

ಪಾರ್ಕಿಂಗ್‌ಗೂ ಇದು ಅನ್ವಯಿಸುತ್ತದೆ. ಹಿಡಿಕೆ ಒಳಗಿದ್ದರೆ ಮೊದಲ ಗೇರಿನಲ್ಲಿ ನಿಲ್ಲಿಸಿದ ಗಾಡಿ ಮುಂದಕ್ಕೆ ಉರುಳಬಹುದು. ರಿವರ್ಸ್‌ಗೆ ಹಾಕಿ ನಿಲ್ಲಿಸಿ, ಅದು ಓವರ್‌ಡ್ರೈವನ್ನು ತಾನೇ ಲಾಕ್ ಮಾಡುತ್ತದೆ. ಜೊತೆಗೆ ಕೈಬ್ರೇಕು, ಚಕ್ರಕ್ಕೊಂದು ಕಲ್ಲು. ಬ್ಯಾಟರಿ ಇಳಿದು ತಳ್ಳಿ ಸ್ಟಾರ್ಟ್ ಮಾಡಬೇಕಾದರೂ ಹಿಡಿಕೆ ಹೊರಗೇ ಇರಬೇಕು, ಇಲ್ಲದಿದ್ದರೆ ಎಷ್ಟು ತಳ್ಳಿದರೂ ಎಂಜಿನ್ ತಿರುಗುವುದಿಲ್ಲ.

ಹಿಡಿಕೆಯ ಕೇಬಲ್ ಕೂಡ ಈಗಲೇ ನೋಡಿಬಿಡಿ. ಹಿಡಿಕೆ ಪೂರ್ತಿ ಒಳಗೆ ತಳ್ಳಿದಾಗ ಡ್ಯಾಶ್‌ನಿಂದ ಸುಮಾರು 6 ಮಿ.ಮೀ. ಅಂತರ ಉಳಿಯಬೇಕು. ಆಗ ಪೆಟ್ಟಿಗೆಯ ಮೇಲಿನ ಲಿವರ್ ತನ್ನ ಕೊನೆ ಮುಟ್ಟಿದೆ ಎಂಬ ಖಾತ್ರಿ ಇರುತ್ತದೆ. ಲಿವರ್ ಅರ್ಧದಲ್ಲಿ ನಿಂತರೆ ಒಳಗಿನ ಹಲ್ಲು ಸವೆಯುತ್ತದೆ.

ವೈರಿಂಗ್

ಮೊದಲು ಗಾಡಿ ಎಷ್ಟು ವೋಲ್ಟಿನದು ಅಂತ ಖಚಿತ ಮಾಡಿಕೊಳ್ಳಿ. 2ಆರ್5 ಹುಟ್ಟಿದ್ದು 6 ವೋಲ್ಟಿನಲ್ಲಿ, ಅದೂ ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ಛಾಸಿಗೆ. ನಮ್ಮ ಕಡೆ ಸಿಗುವ ಬಹುತೇಕ ಹಳೇ ಗಾಡಿಗಳನ್ನು ಯಾವುದೋ ಕಾಲದಲ್ಲಿ 12 ವೋಲ್ಟಿಗೆ ಬದಲಾಯಿಸಿರುತ್ತಾರೆ. ರಿಲೇಗೂ ಸೊಲೆನಾಯ್ಡ್‌ಗೂ ಪ್ಲಸ್-ಮೈನಸ್ ಯಾವ ಕಡೆ ಅನ್ನುವುದು ಮುಖ್ಯವಲ್ಲ. ವೋಲ್ಟ್ ಮಾತ್ರ ಬಹಳ ಮುಖ್ಯ. 6 ವೋಲ್ಟಿನ ಸೊಲೆನಾಯ್ಡ್‌ಗೆ 12 ಕೊಟ್ಟರೆ ಹಿಡಿಯುವ ಕಾಯಿಲ್ ಸುಟ್ಟುಹೋಗುತ್ತದೆ. ಒಂದೇ ಪ್ರಯಾಣದಲ್ಲಿ ಅಲ್ಲದಿದ್ದರೂ ಒಂದು ಸೀಸನ್ನಿನಲ್ಲಿ. 12 ವೋಲ್ಟಿನ ಸೊಲೆನಾಯ್ಡ್ ಬೇರೆಯೇ ಬರುತ್ತದೆ, ಅದನ್ನೇ ತರಿಸಿಕೊಳ್ಳಿ.

ಹಳೇ ರಿಲೇ ಸಿಗದಿದ್ದರೆ ಬೇಸರ ಬೇಡ. 12 ವೋಲ್ಟಿನ ಗಾಡಿಗೆ ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಸಿಗುವ ನಾಲ್ಕು ಕಾಲಿನ 30 ಆಂಪಿಯರ್ ರಿಲೇ ಸಾಕು. ಒಳಗೆ ಡಯೋಡ್ ಇಲ್ಲದ್ದನ್ನು ಕೇಳಿ ತಗೊಳ್ಳಿ. ಡಯೋಡ್ ಇದ್ದರೆ 85, 86 ಎಂಬ ಅಂಕೆಯ ಕಾಲುಗಳು (ಕಾಯಿಲ್‌ನ ಎರಡು ತುದಿ) ಅದಲುಬದಲಾದಾಗ ಶಾರ್ಟ್ ಆಗುತ್ತದೆ. 6 ವೋಲ್ಟಿನ ಗಾಡಿಗೆ ಈ ರಿಲೇ ನಂಬಿಕೆಗೆ ಬರುವುದಿಲ್ಲ, 6 ವೋಲ್ಟಿನದೇ ಬೇಕು.

ತಂತಿ: ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ಸೊಲೆನಾಯ್ಡ್‌ಗೆ ದಪ್ಪ ತಂತಿ. 12 ವೋಲ್ಟಿಗೆ 2.5 ಚದರ ಮಿ.ಮೀ., 6 ವೋಲ್ಟಿಗೆ 4 ಚದರ ಮಿ.ಮೀ. ಉಳಿದ ಅಪ್ಪಣೆಯ ತಂತಿಗಳಿಗೆ 1 ಚದರ ಮಿ.ಮೀ. ಸಾಕು. ಎಲ್ಲವೂ ಹಲವು ಎಳೆಯ ಆಟೋ ವೈರ್ ಆಗಿರಲಿ. ಮನೆಯ ವೈರಿಂಗಿನ ಒಂದೇ ಎಳೆಯ ತಂತಿ ಹಾಕಬೇಡಿ, ತೋಟದ ರಸ್ತೆಯ ಕುಲುಕಾಟಕ್ಕೆ ಅದು ಒಳಗೊಳಗೇ ಮುರಿಯುತ್ತದೆ. ಫ್ಯೂಸ್ 6 ವೋಲ್ಟಿಗೆ 30 ಆಂಪಿಯರ್. 12 ವೋಲ್ಟಿಗೆ ನಾನು 20 ಹಾಕಿದ್ದೇನೆ.

ಈಗ ಕೆಲಸದ ಕ್ರಮ.

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮಲ್ಲಿ ಅಂಥ ಜಾಗ ಅಂದರೆ ಕಾಫಿ ಕಣ. ಚಕ್ರಗಳಿಗೆ ಅಡ್ಡ ಕೊಡಿ. ಬ್ಯಾಟರಿಯ ಅರ್ತ್ ಕೇಬಲ್ ಮೊದಲು ತೆಗೆಯಿರಿ. ಪಾಸಿಟಿವ್ ಅರ್ತ್ ಗಾಡಿಯಲ್ಲಿ ಅದು ಪ್ಲಸ್ ಕೇಬಲ್ ಎಂಬುದು ನೆನಪಿರಲಿ.

2. ಅರ್ತ್ ಪಟ್ಟಿ. ಎಂಜಿನ್ನೂ ಗೇರ್ ಪೆಟ್ಟಿಗೆಯೂ ರಬ್ಬರ್ ಮೌಂಟಿನ ಮೇಲೆ ಕೂತಿವೆ. ಸೊಲೆನಾಯ್ಡ್, ಗವರ್ನರ್ ಎರಡೂ ಅರ್ತ್ ಪಡೆಯುವುದು ಪೆಟ್ಟಿಗೆಯ ಮೈಯಿಂದ. ಹಾಗಾಗಿ ಪೆಟ್ಟಿಗೆಯ ಒಂದು ಬೋಲ್ಟಿನಿಂದ ಛಾಸಿಗೆ ಹೆಣೆದ ತಾಮ್ರದ ದಪ್ಪ ಪಟ್ಟಿ ಹಾಕಿ. ಎರಡೂ ತುದಿಯಲ್ಲಿ ಬಣ್ಣ, ತುಕ್ಕು, ಗ್ರೀಸ್ ಕೆರೆದು ಲೋಹ ಹೊಳೆಯುವಂತೆ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಡೆಯಿಂದ ವ್ಯಾಸಲಿನ್ ಹಚ್ಚಿ. ಈ ಪಟ್ಟಿ ಇಲ್ಲದಿದ್ದರೆ ಕರೆಂಟು ಚೋಕ್ ಕೇಬಲ್ಲಿನಲ್ಲೋ ಓವರ್‌ಡ್ರೈವ್ ಕೇಬಲ್ಲಿನಲ್ಲೋ ದಾರಿ ಹುಡುಕುತ್ತದೆ. ಕೇಬಲ್ ಬಿಸಿಯಾಗುತ್ತಿದ್ದರೆ ಕಾರಣ ಇದೇ.

3. ರಿಲೇಯನ್ನು ಎಂಜಿನ್ ಕಡೆ ಬೇಡ, ಕ್ಯಾಬಿನ್ನಿನ ಒಳಗೆ ಫೈರ್‌ವಾಲ್ ಮೇಲೆ, ಟರ್ಮಿನಲ್ ಕೆಳಮುಖವಾಗಿ ಕೂರಿಸಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಬಾನೆಟ್ಟಿನ ಒಳಗೂ ನೀರಿನ ಹೊಗೆಯೇ ಇರುತ್ತದೆ.

4. ಬ್ಯಾಟರಿ ಅಥವಾ ಸ್ಟಾರ್ಟರ್‌ನ ದಪ್ಪ ಟರ್ಮಿನಲ್ಲಿನಿಂದ ಫ್ಯೂಸ್ ದಾಟಿ ರಿಲೇಯ 30 ಎಂಬ ಅಂಕೆಯ ಕಾಲಿಗೆ. 87ರಿಂದ ಸೊಲೆನಾಯ್ಡ್‌ನ 4ನೇ ಟರ್ಮಿನಲ್ಲಿಗೆ. ಹಳೇ ರಿಲೇಯಾದರೆ ಫ್ಯೂಸ್ ಅದರ ಮೇಲೇ ಕೂರುತ್ತದೆ.

5. ಇಗ್ನಿಷನ್ ಸ್ವಿಚ್ಚಿನಿಂದ ರಿಲೇಯ 86ಕ್ಕೆ. 85ರಿಂದ ಕಿಕ್‌ಡೌನ್ ಸ್ವಿಚ್ಚಿನ ಸದಾ ಮುಚ್ಚಿರುವ ಜೋಡಿಯ ಒಂದು ಕಾಲಿಗೆ. ಇನ್ನೊಂದು ಕಾಲಿನಿಂದ ಗವರ್ನರ್‌ಗೆ. ನಿಮ್ಮ ಪೆಟ್ಟಿಗೆಯಲ್ಲಿ ಲಾಕೌಟ್ ಸ್ವಿಚ್ ಇದ್ದರೆ ಅದನ್ನು ಕಿಕ್‌ಡೌನ್ ಮತ್ತು ಗವರ್ನರ್ ನಡುವೆ ಸೇರಿಸಿ. ಹಿಡಿಕೆ ಎಳೆದಾಗ ಅದು ತೆರೆದುಕೊಳ್ಳುತ್ತದೆ.

6. ಕಿಕ್‌ಡೌನ್‌ನ ಸದಾ ತೆರೆದಿರುವ ಜೋಡಿ: ಒಂದು ಕಾಲು ಇಗ್ನಿಷನ್ ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ತುದಿಗೆ, ಇನ್ನೊಂದು ಸೊಲೆನಾಯ್ಡ್‌ನ 6ನೇ ಟರ್ಮಿನಲ್ಲಿಗೆ. ಇಲ್ಲಿ ಎರಡು ಸಲ ನೋಡಿ. ಇಗ್ನಿಷನ್ ಕಾಯಿಲ್‌ನ ಇನ್ನೊಂದು ತುದಿಗೆ, ಅಂದರೆ ಸ್ವಿಚ್ಚಿನಿಂದ ಕರೆಂಟು ಬರುವ ತುದಿಗೆ ಕೊಟ್ಟರೆ ಕಿಕ್‌ಡೌನ್ ಒತ್ತಿದಾಗ ನೇರ ಶಾರ್ಟ್. ತಂತಿ ಹೊಗೆಯಾಡುತ್ತದೆ. ಇಗ್ನಿಷನ್ ಕಾಯಿಲ್ ಮೇಲಿನ ಪ್ಲಸ್-ಮೈನಸ್ ಗುರುತು ನಂಬಬೇಡಿ, ಅರ್ತ್ ಬದಲಾದರೆ ಅವೂ ಬದಲಾಗುತ್ತವೆ. ಡಿಸ್ಟ್ರಿಬ್ಯೂಟರ್‌ನಿಂದ ಬರುವ ತಂತಿಯನ್ನೇ ಕೈಯಲ್ಲಿ ಹಿಡಿದು ನೋಡಿ.

7. ಕೆಳಗೆ ಇಳಿಯುವ ಮೂರು ತಂತಿಗಳನ್ನು ಒಂದೇ ಕೊಳವೆಯೊಳಗೆ ಹಾಕಿ ಛಾಸಿಗೆ ಕಟ್ಟಿ. ಎಕ್ಸಾಸ್ಟ್ ಪೈಪಿನಿಂದ ದೂರ. ತಗಡು ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್. ಟರ್ಮಿನಲ್ ಹತ್ತಿರ ತಂತಿ ನೇರವಾಗಿ ಒಳಹೊಗಬಾರದು, ಒಮ್ಮೆ ಕೆಳಗೆ ಬಳುಕಿ ಮೇಲೆ ಬರಬೇಕು. ನೀರು ಆ ಬಳುಕಿನ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟರೆ ಆಗಸ್ಟ್ ಹೊತ್ತಿಗೆ ಅಂಟು ಬಿಡುತ್ತದೆ. ಕ್ರಿಂಪ್ ಮಾಡಿ ಅದರ ಮೇಲೆ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಬಿಗಿಯುವ ಕೊಳವೆ) ಹಾಕಿ.

8. ಕಿಕ್‌ಡೌನ್ ಸ್ವಿಚ್ಚಿನ ಜಾಗ ಹೊಂದಿಸಿ. ಕಾರ್ಬ್ಯುರೇಟರ್ ಪೂರ್ತಿ ತೆರೆದ ಮೇಲೆ, ಪೆಡಲಿನ ಕೊನೆಯ ಸ್ವಲ್ಪ ಚಲನೆಯಲ್ಲಿ ಮಾತ್ರ ಅದು ಒತ್ತಬೇಕು.

ಇಚ್ಛೆಯಿದ್ದರೆ ಸೊಲೆನಾಯ್ಡ್‌ಗೆ ಹೋಗುವ ತಂತಿಯಿಂದ ಡ್ಯಾಶ್‌ಬೋರ್ಡಿಗೆ ಒಂದು ಚಿಕ್ಕ ಬಲ್ಬ್ ಎಳೆಯಿರಿ. ಸೊಲೆನಾಯ್ಡ್‌ಗೆ ಕರೆಂಟು ಹೋಗುತ್ತಿದೆಯೋ ಇಲ್ಲವೋ ಕೂತಲ್ಲೇ ಗೊತ್ತಾಗುತ್ತದೆ. ದೋಷ ಹುಡುಕುವಾಗ ಇದರಷ್ಟು ಸಹಾಯ ಇನ್ನಾವುದೂ ಮಾಡುವುದಿಲ್ಲ.

ಮಾಡಬಾರದ ಎರಡು ಕೆಲಸ ಹೇಳಲೇಬೇಕು. ರಿಲೇ ಬಿಟ್ಟು ಸೊಲೆನಾಯ್ಡ್ ಕರೆಂಟನ್ನು ನೇರ ಗವರ್ನರ್ ಮೂಲಕ ಹರಿಸುವುದು ಒಂದು. ನಮ್ಮ ಗಾಡಿಗೆ ಹಿಂದೆ ಯಾರೋ ಹಾಗೆ ಮಾಡಿದ್ದರು. ಗವರ್ನರ್‌ನ ಪುಟ್ಟ ಕಾಂಟ್ಯಾಕ್ಟುಗಳು ಇರುವುದು ರಿಲೇಯ ಸಣ್ಣ ಕರೆಂಟಿಗೆ. ಅವು ಸುಟ್ಟು ಗುಳಿ ಬಿದ್ದಿದ್ದವು. ಇನ್ನೊಂದು, ಗವರ್ನರ್ ತೆಗೆದು ಅದರ ಬದಲು ಬರೀ ಟಾಗಲ್ ಸ್ವಿಚ್ ಹಾಕುವುದು. ಗಾಡಿ ನಿಂತಿರುವಾಗ ಸ್ವಿಚ್ ಆನ್ ಉಳಿದು, ಪಾಲ್ ಬಿದ್ದಿದ್ದು, ಆಗ ರಿವರ್ಸ್ ಹಾಕಿದರೆ ಒಳಗೆ ಏನಾದರೂ ಮುರಿಯುತ್ತದೆ. ಟಾಗಲ್ ಬೇಕೇ ಬೇಕು ಅಂದರೆ ಗವರ್ನರ್ ತಂತಿಯ ಸಾಲಿನಲ್ಲೇ ಸೇರಿಸಿ. ಆಗ ಅದು ಓವರ್‌ಡ್ರೈವನ್ನು ತಡೆಯಬಹುದು, ತಪ್ಪಾದ ಹೊತ್ತಿನಲ್ಲಿ ಹಾಕಲು ಆಗದು.

ಸೊಲೆನಾಯ್ಡ್ ಕೂರಿಸುವುದು

ಸೊಲೆನಾಯ್ಡ್ ಎರಡೇ ಬೋಲ್ಟಿನಲ್ಲಿ ನಿಂತಿದೆ. ಆದರೆ ಅದರ ಕಡ್ಡಿಯ ತುದಿ ಪಾಲ್‌ನೊಳಗೆ ಸಿಕ್ಕಿಕೊಳ್ಳಬೇಕು. ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿದರೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಹಾಕುವ ಮೊದಲು ಹೊರಕ್ಕೆ ಎಳೆದು ನೋಡಿ. ಸುಲಭವಾಗಿ ಕೈಗೆ ಬಂದರೆ ಸಿಕ್ಕಿಲ್ಲ ಎಂದರ್ಥ. ಸಿಕ್ಕದೆಯೇ ಬೋಲ್ಟ್ ಬಿಗಿದರೆ ಪಾಲ್ ಒಳಗೆ ಹೋಗಬಹುದು, ವಾಪಸ್ ಎಳೆಯುವವರು ಯಾರೂ ಇರುವುದಿಲ್ಲ. ತೆಗೆಯುವಾಗಲೂ ಅದೇ ಕಾಲು ಸುತ್ತು. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ.

ಕೂರಿಸುವ ಮೊದಲು ಮೇಜಿನ ಮೇಲೆ ಪರೀಕ್ಷಿಸಿ. ಮೈಗೆ ಅರ್ತ್, 4ಕ್ಕೆ ಕರೆಂಟು. ಜೋರಾಗಿ ಒಂದೇ ಸಲ ಎಳೆದು ಹಿಡಿದಿರಬೇಕು. "ಟಕಟಕಟಕ" ಅಂತ ಬಡಿದುಕೊಂಡರೆ ಹಿಡಿಯುವ ಕಾಯಿಲ್ ಸತ್ತಿದೆ. ಎಳೆದು ಹಿಡಿದು ಅರ್ಧ ನಿಮಿಷದಲ್ಲೇ ಕೈ ಸುಡುವಷ್ಟು ಬಿಸಿಯಾದರೆ ಎಳೆಯುವ ಕಾಯಿಲ್ ಬಂದ್ ಆಗುತ್ತಿಲ್ಲ. ಪ್ಲಂಜರ್ ತುಕ್ಕು ಹಿಡಿದು ಪೂರ್ತಿ ಒಳಗೆ ಹೋಗುತ್ತಿಲ್ಲ, ಇಲ್ಲವೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಮೀಟರಿನಲ್ಲಿ ಓಮ್ ಅಳೆದರೆ 4ರಿಂದ ಮೈಗೆ ಬಹಳ ಕಡಿಮೆ ತೋರಿಸಬೇಕು, ಎರಡೂ ತಂತಿ ತಾಗಿಸಿದಷ್ಟು ಹತ್ತಿರ ಹತ್ತಿರ. ಹಲವು ಓಮ್ ತೋರಿಸಿದರೆ ಹಿಡಿಯುವ ಕಾಯಿಲ್ ಮಾತ್ರ ಜೀವಂತ, ಎಳೆಯುವ ಕಾಯಿಲ್ ಅಥವಾ ಅದರ ಕಾಂಟ್ಯಾಕ್ಟ್ ಹೋಗಿದೆ.

ನಿಂತಲ್ಲೇ ಪರೀಕ್ಷೆ

ಬ್ಯಾಟರಿ ಸೇರಿಸಿ. ಎಂಜಿನ್ ಬೇಡ, ಕೀ ಮಾತ್ರ ಆನ್, ಗೇರ್ ನ್ಯೂಟ್ರಲ್, ಹಿಡಿಕೆ ಒಳಗೆ. ಗವರ್ನರ್ ತಂತಿ ಬಿಚ್ಚಿ ಅದನ್ನು ಪೆಟ್ಟಿಗೆಯ ಮೈಗೆ ತಾಗಿಸಿ. ಮೊದಲು ರಿಲೇ "ಟಿಕ್", ತಕ್ಷಣ ಸೊಲೆನಾಯ್ಡ್ "ಠಕ್". ತಂತಿ ತೆಗೆದರೆ ಮತ್ತೆ "ಠಕ್". ಈ ಒಂದು ಪರೀಕ್ಷೆ ಗೆದ್ದರೆ ಗವರ್ನರ್ ಬಿಟ್ಟು ಅಪ್ಪಣೆಯ ದಾರಿ ಪೂರ್ತಿ ಸರಿಯಿದೆ. ತಂತಿ ತಾಗಿಸಿಕೊಂಡೇ ಇನ್ನೊಬ್ಬರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ. ಸೊಲೆನಾಯ್ಡ್ ಬಿಡಬೇಕು.

ರಿಲೇ ಟಿಕ್ ಅನ್ನಲಿಲ್ಲವೇ? 86ರಲ್ಲಿ ಕರೆಂಟು ಇದೆಯೇ ನೋಡಿ. ಇದ್ದರೆ 85ರ ಕಾಲನ್ನು ಒಂದು ತುಂಡು ತಂತಿಯಿಂದ ಅರ್ತ್‌ಗೆ ತಾಗಿಸಿ. ಈಗ ಟಿಕ್ ಅಂದರೆ ರಿಲೇ ಸರಿ, ದೋಷ ಮುಂದಿನ ದಾರಿಯಲ್ಲಿದೆ. ಅದೇ ತುಂಡನ್ನು ಕಿಕ್‌ಡೌನ್‌ನ ಒಂದು ಕಾಲಿಗೆ, ಆಮೇಲೆ ಇನ್ನೊಂದಕ್ಕೆ, ಆಮೇಲೆ ಲಾಕೌಟ್ ಸ್ವಿಚ್ಚಿಗೆ ತಾಗಿಸುತ್ತಾ ಹೋಗಿ. ಎಲ್ಲಿ ಟಿಕ್ ನಿಂತಿತೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ದೋಷ. ಬಹಳ ಸಲ ಪೆಡಲಿನ ಕೆಳಗೆ ಮಣ್ಣು ಸೇರಿ ಕಿಕ್‌ಡೌನ್ ಸ್ವಿಚ್ ಒತ್ತಿದಂತೆಯೇ ಉಳಿದಿರುತ್ತದೆ.

ರಿಲೇ ಟಿಕ್ ಅನ್ನುತ್ತದೆ, ಸೊಲೆನಾಯ್ಡ್ ಸುಮ್ನೆ ಕೂತಿದೆ ಅಂದರೆ ಫ್ಯೂಸ್ ನೋಡಿ, ಆಮೇಲೆ ಅರ್ತ್. ಇಲ್ಲಿ ಟೆಸ್ಟ್ ಲ್ಯಾಂಪ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಬಹಳ ಸಣ್ಣ ಕರೆಂಟು ಎಳೆಯುವುದರಿಂದ ಕಿಲುಬು ಹಿಡಿದ ಅರ್ತ್‌ನಲ್ಲೂ ಚೆನ್ನಾಗಿ ಉರಿಯುತ್ತದೆ. ಲೆಕ್ಕ ಹಾಕಿ: ಅರ್ತ್‌ನಲ್ಲಿ ಬರೀ 0.05 ಓಮ್ ತಡೆ ಇದೆ ಅಂತಿಟ್ಟುಕೊಳ್ಳಿ. 18 ಆಂಪಿಯರ್ ಹರಿದಾಗ 0.9 ವೋಲ್ಟ್ ಅಲ್ಲೇ ಕಳೆದುಹೋಯಿತು. 6ರಲ್ಲಿ 0.9 ಅಂದರೆ ಶೇ. 15. ಪ್ಲಂಜರ್ ಎಳೆಯಲು ಬೇಕಾದ ಬಲ ಸಿಗುವುದಿಲ್ಲ. ಹಾಗಾಗಿ ಪರೀಕ್ಷೆಗೆ ಹೆಡ್‌ಲೈಟ್ ಬಲ್ಬ್ ಬಳಸಿ. ಸೊಲೆನಾಯ್ಡ್ ತಂತಿ ಬಿಚ್ಚಿ ಆ ತಂತಿಗೂ ಗೇರ್ ಪೆಟ್ಟಿಗೆಯ ಮೈಗೂ ನಡುವೆ ಬಲ್ಬ್ ಹಿಡಿಯಿರಿ. ಮಂಕಾಗಿ ಉರಿದರೆ ದಾರಿಯಲ್ಲಿ ತಡೆ ಇದೆ. ಬಲ್ಬಿನ ಒಂದು ತುದಿಯನ್ನು ಪೆಟ್ಟಿಗೆಯ ಬದಲು ನೇರ ಬ್ಯಾಟರಿಯ ಅರ್ತ್ ಪೋಸ್ಟಿಗೆ ಮುಟ್ಟಿಸಿ. ಈಗ ಹೊಳೆದರೆ ಅರ್ತ್ ಪಟ್ಟಿಯೇ ಕಳ್ಳ. ನಮ್ಮ ಗಾಡಿಯ ದೋಷ ಸಿಕ್ಕಿದ್ದು ಇದೇ ಬಲ್ಬಿನಿಂದ.

ರಸ್ತೆಯಲ್ಲಿ

ಮೊದಲ ಓಟಕ್ಕೆ ಘಾಟಿ ಬೇಡ. ಕುಶಾಲನಗರ-ಪಿರಿಯಾಪಟ್ಟಣ ದಾರಿ ಒಳ್ಳೆಯದು, ಬೆಳಗ್ಗೆ ಬೇಗ ಹೊರಡಿ. ತಿತಿಮತಿಯಿಂದ ಹುಣಸೂರಿನ ಕಡೆಯ ರಸ್ತೆಯೂ ಚೆನ್ನಾಗಿದೆ, ಆದರೆ ಅದು ಕಾಡು. ಆನೆ ದಾಟುವ ಜಾಗದಲ್ಲಿ ಪರೀಕ್ಷೆ ಮಾಡುತ್ತಾ ನಿಲ್ಲುವುದು ಸರಿಯಲ್ಲ.

ನಿಂತಲ್ಲಿ ಎಲ್ಲ ಸರಿಯಿದ್ದು ರಸ್ತೆಯಲ್ಲಿ ಡ್ಯಾಶ್‌ಬೋರ್ಡಿನ ಬಲ್ಬೇ ಹೊತ್ತದಿದ್ದರೆ ಗವರ್ನರ್ ಕಡೆ ಬೊಟ್ಟು ಮಾಡಿ. ಅದರ ಮುಚ್ಚಳ ತೆಗೆದು ಕಾಂಟ್ಯಾಕ್ಟ್ ನೋಡಿ. ಮಳೆಗಾಲ ಮುಗಿದಾಗ ಅಲ್ಲಿ ನೀರು, ಎಣ್ಣೆ, ಕೆಸರು ಸೇರಿದ್ದನ್ನು ನಾನು ಕಂಡಿದ್ದೇನೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬಹಳ ನುಣ್ಣನೆಯ ಕಾಗದದಿಂದ ಒಮ್ಮೆ ಸವರಿದರೆ ಸಾಕು.

ಬಲ್ಬ್ ಹೊತ್ತುತ್ತದೆ, ಕಾಲು ತೆಗೆದರೂ ಓವರ್‌ಡ್ರೈವ್ ಬೀಳುವುದಿಲ್ಲ. ಮೊದಲು ಕಾಲು ಪೂರ್ತಿ ತೆಗೆದು ಒಂದೆರಡು ಸೆಕೆಂಡ್ ಕಾಯಿರಿ, ಹೊಸಬರು ಬೇಗ ಕಾಲಿಡುತ್ತಾರೆ. ಆಗಲೂ ಇಲ್ಲದಿದ್ದರೆ ಹಿಡಿಕೆಯ ಕೇಬಲ್, ಆಮೇಲೆ ಸೊಲೆನಾಯ್ಡ್. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಬಾಕ್ ರಿಂಗಿನ ಕಡೆ ಯೋಚನೆ ಹೋಗಲಿ.

ಕೀ ಆನ್ ಮಾಡಿದ ತಕ್ಷಣ ನಿಂತಲ್ಲೇ ಸೊಲೆನಾಯ್ಡ್ ಠಕ್ ಅಂದರೆ ಗವರ್ನರ್ ತಂತಿ ಎಲ್ಲೋ ಉಜ್ಜಿ ಛಾಸಿಗೆ ತಾಗುತ್ತಿದೆ, ಇಲ್ಲವೇ ಗವರ್ನರ್ ಅಂಟಿಕೊಂಡಿದೆ. ಗವರ್ನರ್ ಹತ್ತಿರ ತಂತಿ ಬಿಚ್ಚಿ. ಸೊಲೆನಾಯ್ಡ್ ಬಿಟ್ಟರೆ ಗವರ್ನರ್ ಅಂಟಿದೆ. ಬಿಡದಿದ್ದರೆ ದೋಷ ತಂತಿಯಲ್ಲಿ. ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ಜಾಗ ಹುಡುಕಿ. ಭತ್ತ ಇಡುವ ಶೆಡ್ಡಾದರೆ ಇನ್ನೂ ಎಚ್ಚರ. ಈ ದೋಷ ಇರುವಾಗ ರಿವರ್ಸ್ ಹಾಕಲೇಬೇಡಿ. ಮೊದಲು ಫ್ಯೂಸ್ ತೆಗೆಯಿರಿ. ರಿವರ್ಸ್‌ನಲ್ಲಿ ಗಾಡಿ ಕಚ್ಚಿಕೊಂಡು ನಿಂತರೆ ಎಂಜಿನ್ ಬಲದಿಂದ ಎಳೆಯಬೇಡಿ. ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ಗೆ ತಂದು ಹಿಂದೆ ಮುಂದೆ ಅಲುಗಿಸಿ, ಪಾಲ್ ಬಿಟ್ಟಿದೆಯೇ ನೋಡಿ.

ಕಿಕ್‌ಡೌನ್ ಒತ್ತಿದಾಗ ಓವರ್‌ಡ್ರೈವ್ ಬಿಡುವುದಿಲ್ಲ, ಕಾಲು ತೆಗೆದಾಗ ಮಾತ್ರ ಬಿಡುತ್ತದೆ ಅಂದರೆ ಕಿಡಿ ಕಡಿಯುವ ಕೆಲಸ ಆಗುತ್ತಿಲ್ಲ. 6ನೇ ಟರ್ಮಿನಲ್ ತಂತಿ ನೋಡಿ. ಪರೀಕ್ಷೆ ಸುಲಭ: ಎಂಜಿನ್ ನಿಧಾನವಾಗಿ ಓಡುತ್ತಿರಲಿ, ಆ ತಂತಿ ಸೊಲೆನಾಯ್ಡ್‌ನಿಂದ ಬಿಚ್ಚಿ ಅರ್ತ್‌ಗೆ ತಾಗಿಸಿ, ಒಬ್ಬರು ಕಿಕ್‌ಡೌನ್ ಸ್ವಿಚ್ಚನ್ನು ಕೈಯಿಂದ ಒತ್ತಲಿ. ಎಂಜಿನ್ ನಿಲ್ಲಬೇಕು. ನಿಂತರೆ ತಂತಿ ಸರಿ, ದೋಷ ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟಿನಲ್ಲಿ. ಇದರ ಉಲ್ಟಾ, ಕಿಕ್‌ಡೌನ್ ಒತ್ತಿ ಹಿಡಿದಷ್ಟು ಹೊತ್ತೂ ಎಂಜಿನ್ ಸತ್ತೇ ಇದ್ದರೆ ಆ ತಂತಿ ಎಲ್ಲೋ ಸದಾ ಅರ್ತ್ ಆಗಿದೆ. ಓವರ್‌ಟೇಕ್ ನಡುವೆ ಹೀಗಾದರೆ ಬಹಳ ಅಪಾಯ. ಸರಿಮಾಡುವವರೆಗೆ ಇಗ್ನಿಷನ್ ಕಾಯಿಲ್ ಕಡೆಯ ತಂತಿ ಬಿಚ್ಚಿಡಿ.

ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಸೊಲೆನಾಯ್ಡ್ ಮುಟ್ಟಿದರೆ ಬೆಚ್ಚಗಿದೆ. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಹಿಡಿಯುವ ಕಾಯಿಲ್‌ನ 1 ಆಂಪಿಯರ್ 12 ಗಂಟೆಯಲ್ಲಿ 12 ಆಂಪಿಯರ್-ಗಂಟೆ ತಿಂದಿರುತ್ತದೆ. ರಿಲೇ ಬದಲಾಯಿಸಿ.

ಹಿಡಿಕೆ ಒಳಗಿದ್ದಾಗ ಎಂಜಿನ್ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಡಿಕೆ ಎಳೆದರೆ ಸರಿಯಾಗಿ ಹೋಗುತ್ತದೆ. ಇದೊಂದು ವೈರಿಂಗ್ ದೋಷವಲ್ಲ. ಫ್ರೀವೀಲ್ ಒಳಗಿನ ರೋಲರ್‌ಗಳು ಜಾರುತ್ತಿವೆ. ಬಹಳ ವರ್ಷ ನಿಂತ ಗಾಡಿಯಲ್ಲಿ ಹಳೇ ಎಣ್ಣೆ ಗೋಂದಿನಂತಾಗಿ ಹೀಗಾಗುವುದುಂಟು. ಗೇರ್ ಪೆಟ್ಟಿಗೆಗೂ ಓವರ್‌ಡ್ರೈವ್‌ಗೂ ಬೇರೆ ಬೇರೆ ಡ್ರೇನ್ ಪ್ಲಗ್, ಬೇರೆ ಬೇರೆ ಫಿಲ್ ಪ್ಲಗ್ ಇವೆ. ಎರಡನ್ನೂ ಖಾಲಿ ಮಾಡಿ ಎರಡಕ್ಕೂ ಹೊಸ ಎಣ್ಣೆ ತುಂಬಿ. ಸಾದಾ ಮಿನರಲ್ ಗೇರ್ ಆಯಿಲ್ ಹಾಕಿ. ಡಿಫರೆನ್ಶಿಯಲ್‌ಗೆ ಹಾಕುವ ಜಿಎಲ್-5 ಬೇಡ, ಹಿತ್ತಾಳೆಯ ಭಾಗಗಳಿಗೂ ಈ ರೋಲರ್‌ಗಳಿಗೂ ಅದು ಒಗ್ಗುವುದಿಲ್ಲ. ಎಣ್ಣೆ ಬದಲಾಯಿಸಿದ ಮೇಲೂ ಜಾರಿದರೆ ಆಗ ಪೆಟ್ಟಿಗೆ ಇಳಿಸಿ.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಅರ್ತ್ ಪಟ್ಟಿಯ ಎರಡೂ ತುದಿ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್‌ಗೆ (ಕೊಡವರ ಆಯುಧ ಹಬ್ಬ) ಕೋವಿ, ನೇಗಿಲು ತೊಳೆದು ಒರೆಸುವ ಹೊತ್ತಿಗೆ ಗವರ್ನರ್ ಮುಚ್ಚಳ ತೆಗೆದು ಒಳಗೆ ಒಮ್ಮೆ ಒರೆಸಿ. ಗಾಡಿ ಓಡಿಸದ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಕೀ ಆನ್ ಮಾಡಿ, ಗವರ್ನರ್ ತಂತಿಯನ್ನು ಮೈಗೆ ತಾಗಿಸಿ ನಾಲ್ಕೈದು ಸಲ ಠಕ್ ಅನ್ನಿಸಿ. ಪ್ಲಂಜರ್ ತುಕ್ಕು ಹಿಡಿಯುವುದಿಲ್ಲ.